ಕುರಿಗೆ ಉಪ್ಪು, ಸಾಹೇಬರಿಗೆ ಕಂಬಳಿ

ಕುರಿಗೆ ಬುದ್ಧಿ ಇಲ್ಲ ಅನ್ನುವ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಅವರು ಕುರಿಯನ್ನಷ್ಟೇ ನೋಡಿರಬೇಕು, ಕುರಿಯ ಮಾಲಕರನ್ನು ನೋಡಿರಲಿಕ್ಕಿಲ್ಲ.

ನಾನು ಪಶುವೈದ್ಯೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂತ ವರ್ಗವಾದಲ್ಲೆಲ್ಲ ದವಾಖಾನೆಯ ಬಾಗಿಲು ತೆಗೆದು ಕೂತವಳು. ಜನ ಎದುರಿಗೆ 'ಡಾಕ್ಟರ್ ಅಕ್ಕಾರ' ಅನ್ನುತ್ತಾರೆ, ಹಿಂದೆ ಏನನ್ನುತ್ತಾರೋ ನಾನು ಕೇಳಲು ಹೋಗಿಲ್ಲ. ಬೇಸಿಗೆ ಬಂತೆಂದರೆ ನಾನು ಹೇಳುವುದು ಇಷ್ಟೇ: ಕುರಿಗೆ ನೆರಳು ಬೇಕು, ನೀರು ಬೇಕು, ಉಪ್ಪು-ಖನಿಜ ಬೇಕು. ಇದರಲ್ಲಿ ತಿಳಿಯದಂಥದ್ದು ಏನೂ ಇಲ್ಲ. ಊರೂರು ತಿರುಗಿ ಹಿಂಡು ಮೇಯಿಸುವವರಿಗೆ ಇದನ್ನು ಹೇಳಿದರೆ 'ಹೌದ್ರಿ' ಅಂದು ಹೋಗುತ್ತಾರೆ. ಕಬ್ಬಿನ ಬಿಲ್ಲಿನ ದುಡ್ಡು ಬಂದ ಹುಮ್ಮಸ್ಸಿನಲ್ಲಿ, ಮೊಬೈಲಿನಲ್ಲಿ ನೋಡಿ, ಪಕ್ಕದ ಮನೆಯವನ ಮೇಲಿನ ಹಟಕ್ಕೆ ಕುರಿ ಕಟ್ಟಿದವರು ಇದ್ದಾರಲ್ಲ, ಅವರಿಗೆ ಮಾತ್ರ ಇದು ಬ್ರಹ್ಮವಿದ್ಯೆ. ಅಂಥವರು ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಹುಟ್ಟುತ್ತಾರೆ.

ಹೆಂಗಿತ್ತೋ ಹಂಗ

ಪಾಲಬಾವಿಯ ಕಡೆ ಒಬ್ಬ ರೈತನ ಕುರಿಗಳು ಮಣ್ಣು ತಿನ್ನಲು ಶುರು ಮಾಡಿದ್ದವು. ಮಣ್ಣು, ಹಳೆಯ ಗೋಣಿಚೀಲ, ಗೋಡೆಯ ಸುಣ್ಣ, ಬಾಯಿಗೆ ಸಿಕ್ಕಿದ್ದೆಲ್ಲ ಆಗುತ್ತಿತ್ತು. ಮೈಯಲ್ಲಿ ಖನಿಜ ಕಡಿಮೆಯಾದ ಪ್ರಾಣಿ ಹೀಗೆ ಮಾಡುತ್ತದೆ. ನಾನು ಅವನಿಗೆ ದವಾಖಾನೆಯಿಂದ ಒಂದು ಖನಿಜದ ಇಟ್ಟಿಗೆ ಕೊಟ್ಟೆ. ಉಪ್ಪು, ರಂಜಕ, ಸುಣ್ಣದ ಅಂಶ ಎಲ್ಲ ಸೇರಿಸಿ ಒತ್ತಿ ಮಾಡಿದ ಗಟ್ಟಿ ಇಟ್ಟಿಗೆ ಅದು. ಕುರಿ ಕೂಡುವ ದಡ್ಡಿಯಲ್ಲಿ ತೂಗಿಬಿಟ್ಟರೆ ಕುರಿಗಳು ಬೇಕೆನಿಸಿದಾಗ ನೆಕ್ಕಿಕೊಳ್ಳುತ್ತವೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಅವನಿಂದಲೇ ಕರೆ ಬಂತು. ಹೋಗಿ ನೋಡಿದರೆ ಕುರಿಗಳು ಇನ್ನೂ ಮಣ್ಣು ತಿನ್ನುತ್ತಿದ್ದವು. ಹೊಸದಾಗಿ ಹುಟ್ಟಿದ ಮರಿಗಳು ನಿಲ್ಲಲಾರದೆ ಕಾಲು ಸೊಟ್ಟ ಮಾಡಿಕೊಂಡು ಬಿದ್ದಿದ್ದವು.

"ನಾ ಕೊಟ್ಟ ಇಟ್ಟಂಗಿ ಎಲ್ಲೈತಿ?" ಅಂದೆ.

ಅವನು ಮೇಲೆ ತೋರಿಸಿದ. ತಗಡಿನ ಪತ್ರಾ ಶೆಡ್ಡಿನ ತೊಲೆಗೆ, ನಾನು ಕೈ ಚಾಚಿದರೂ ಎಟುಕದ ಎತ್ತರದಲ್ಲಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಇಟ್ಟಿಗೆ ಹಾಯಾಗಿ ತೂಗುತ್ತಿತ್ತು.

"ಅಷ್ಟ ಮ್ಯಾಲ ಕಟ್ಟಿದ್ರ ಕುರಿ ನೆಕ್ಕೂದ ಹೆಂಗ?"

"ಕೆಳಗ ಕಟ್ಟಿದ್ರ ನೆಕ್ಕತಾವ್ರಿ ಅಕ್ಕಾರ."

"ನೆಕ್ಕಲಿ ಅಂತಾನ ಕೊಟ್ಟೇನಿ."

"ನೆಕ್ಕಿದ್ರ ಸವದ ಹೋಗತೈತಲ್ರಿ" ಅಂದ, ಸಣ್ಣವರಿಗೆ ತಿಳಿವಳಿಕೆ ಹೇಳುವ ದನಿಯಲ್ಲಿ. ಏಣಿ ತಂದು ಹತ್ತಿ, ಹಾಳೆ ಬಿಚ್ಚಿ, ಇಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ ತೋರಿಸಿದ. "ನೋಡ್ರಿ, ನೀವ ಕೊಟ್ಟಾಗ ಹೆಂಗಿತ್ತೋ ಹಂಗ ಐತಿ. ಒಂದ ಮೂಲಿ ಮುಕ್ಕಾಗಿಲ್ಲ."

ಅವನ ಕೈಯಿಂದ ಅದನ್ನು ಕಸಿದುಕೊಂಡು ನಾನೇ ಕುರಿಗಳ ಮೂತಿಯ ಮಟ್ಟಕ್ಕೆ ಕಟ್ಟಿದೆ. ಕುರಿಗಳು ಮುಗಿಬಿದ್ದವು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮೆಲ್ಲಗೆ ಅಂದಳು: "ಹಂಗಾರ ನನ್ನ ಮದಿವಿ ಸೀರಿನೂ ಅಕ್ಕಾರಿಗೆ ತೋರಸ್ರಿ. ಉಟ್ರ ಹರೀತೈತಿ ಅಂತ ಒಮ್ಮೆನೂ ಉಡಾಕ ಕೊಟ್ಟಿಲ್ಲ. ಅದೂ ಟ್ರಂಕಿನ್ಯಾಗ ಹೆಂಗಿತ್ತೋ ಹಂಗ ಐತಿ."

ಉಣ್ಣೆಗಳ್ಳ

ರಾಯಬಾಗದ ಹತ್ತಿರ ಅಕ್ಕಪಕ್ಕದ ಹೊಲದವರಿಬ್ಬರಿಗೆ ಬದುವಿನ ಮೇಲೆ ಹಳೆಯ ಜಗಳ. ಒಬ್ಬನ ಕುರಿಗಳ ಬೆನ್ನಿನ ಮೇಲಿನ ಉಣ್ಣೆ ಅಲ್ಲಲ್ಲಿ ಮಾಯವಾಗತೊಡಗಿತು. ಇವತ್ತು ಒಂದರ ಸೊಂಟ ಬೋಳು, ನಾಳೆ ಇನ್ನೊಂದರ ತೊಡೆ ಬೋಳು. ಕುರಿಯವನಿಗೆ ಅನುಮಾನವೇ ಬರಲಿಲ್ಲ, ನೇರವಾಗಿ ಖಾತ್ರಿಯೇ ಆಗಿಬಿಟ್ಟಿತು: ಪಕ್ಕದವನೇ ಬಂದು ಕತ್ತರಿಸಿಕೊಂಡು ಹೋಗುತ್ತಿದ್ದಾನೆ.

ನನ್ನನ್ನು ಕರೆಸಿದ್ದು ಔಷಧಕ್ಕಲ್ಲ. ಇದು ಕತ್ತರಿಯ ಕೆಲಸವೋ ಕ್ಷೌರದ ಮಷೀನಿನ ಕೆಲಸವೋ ಅಂತ ಹೇಳಿ ಸಹಿ ಮಾಡಿಕೊಡಬೇಕಂತೆ, ಪೊಲೀಸರಿಗೆ ಕೊಡಲಿಕ್ಕೆ.

ನಾನು ಕುರಿಗಳನ್ನು ನೋಡಿದೆ. ಬಿಸಿಲಿಗೆ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಂತಿದ್ದವು. ಮೇವು ಅಂತ ಇದ್ದದ್ದು ಬರೀ ಕಬ್ಬಿನ ಸೋಗೆ. ಉಪ್ಪಿಲ್ಲ, ಖನಿಜವಿಲ್ಲ, ಕಾಳಿಲ್ಲ.

"ಇದು ಯಾರ ಕತ್ತರಿನೂ ಅಲ್ರಿ" ಅಂದೆ. "ಮೈಯಾಗ ಖನಿಜ ಕಮ್ಮಿ ಬಿದ್ರ ಕುರಿಗೋಳ ಒಂದರ ಉಣ್ಣೆ ಇನ್ನೊಂದು ಕಿತ್ತು ತಿಂತಾವ."

ಅವನು ನನ್ನನ್ನೇ ಅನುಮಾನದಿಂದ ನೋಡಿದ. "ಅಂವಾ ನಿಮ್ಮನ್ನೂ ಭೇಟಿ ಆಗಿದ್ನೇನ್ರಿ?"

ಉಪ್ಪಿನ ಚೀಲ ತರುವುದು ಬಿಟ್ಟು ಅವನು ಸಾಂಗ್ಲಿಗೆ ಹೋಗಿ ಕ್ಯಾಮೆರಾ ತಂದ. ದಡ್ಡಿಯ ಮೂಲೆಗೆ ಹಾಕಿಸಿದ. ಕೆಲ ದಿನಗಳ ಮೇಲೆ ಊರ ಹಿರಿಯರನ್ನು, ಪಕ್ಕದವನನ್ನು, ನನ್ನನ್ನೂ ಕರೆದು ಮನೆಯ ಟಿ.ವಿ.ಯಲ್ಲಿ ಹಾಕಿ ತೋರಿಸಿದ. ಕಳ್ಳನನ್ನು ಎಲ್ಲರೆದುರು ಹಿಡಿಯಬೇಕೆಂದು ತಾನೂ ಮೊದಲು ನೋಡಿರಲಿಲ್ಲ.

ಟಿ.ವಿ.ಯಲ್ಲಿ ಯಾರೂ ಬರಲಿಲ್ಲ. ಬಹಳ ಹೊತ್ತು ಕುರಿಗಳಷ್ಟೇ ಕಾಣಿಸಿದವು. ಹಿರಿಯರೊಬ್ಬರು ತೂಕಡಿಸಿದರು. ಆಮೇಲೆ ಒಂದು ಕಪ್ಪು ಮೋರೆಯ ಕುರಿ ಎದ್ದು, ಮಲಗಿದ್ದ ಇನ್ನೊಂದರ ಪಕ್ಕಕ್ಕೆ ಹೋಗಿ, ಅದರ ಬೆನ್ನಿನಿಂದ ಒಂದು ಬಾಯಿ ಉಣ್ಣೆ ಕಿತ್ತು ನಿಧಾನವಾಗಿ ಅಗಿಯತೊಡಗಿತು. ಮತ್ತೊಂದು ಬಾಯಿ. ಇನ್ನೊಂದು. ಪಕ್ಕದ ಹೊಲದವನು ಮೀಸೆಯೊಳಗೇ ನಕ್ಕ.

ಸೋತವನಿಗೂ ಒಂದು ಸಮಾಧಾನ ಬೇಕಲ್ಲ. ಇವನು ಎದ್ದು ನಿಂತು ಟಿ.ವಿ.ಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು. ಹಿರಿಯರ ಕಡೆ ತಿರುಗಿ ಅಂದ: "ನೋಡ್ರಿ, ನೋಡ್ರಿ. ಆ ಕರಿ ಮಾರಿದು ಎರಡ ವರ್ಷದ ಹಿಂದ ಅವನ ಕಡಿಂದನ ಕೊಂಡದ್ದು. ನಾ ಹೇಳಲಿಲ್ಲೇನು, ಅವರ ಮನಿ ವಂಶಾನ ಕಳ್ಳರ ವಂಶ."

ಟಗರಿನ ಕೂಲರ್

ಶಿರಗುಪ್ಪಿಯ ಕಡೆ ಒಬ್ಬ ಸಾವಕಾರ. ಕಬ್ಬು, ದ್ರಾಕ್ಷಿ, ಎರಡಂತಸ್ತಿನ ಮನೆ, ಎಲ್ಲ ಇತ್ತು. ಇರದಿದ್ದದ್ದು ಹೆಸರು ಮಾಡಿದ ಟಗರು. ಅದನ್ನೂ ತಂದ. ಬಾದಾಮಿ, ಹಾಲು, ತತ್ತಿ ಅಂತ ತಿನ್ನಿಸಿದ. ಅದರ ಕೊರಳಿಗೆ ಗೆಜ್ಜೆಸರ, ಕೋಡಿಗೆ ಬಣ್ಣ. ಮದುವೆಗೆ ನಿಂತ ಮಗನಿಗೂ ಅವನು ಅಷ್ಟು ಮಾಡಿರಲಿಕ್ಕಿಲ್ಲ.

ಮೇ ತಿಂಗಳ ನಡುಮಧ್ಯಾಹ್ನ ಫೋನು ಬಂತು. "ಲಗೂನ ಬರ್ರಿ, ಟಗರ ತೇಕಾಕತ್ತೈತಿ."

ಹೋದೆ. ಟಗರಿಗೆ ಅಂತಲೇ ಒಂದು ಕೋಣೆ ಕಟ್ಟಿಸಿದ್ದ. ಗೋಡೆಗೆ ಟೈಲ್ಸ್, ಮೇಲೆ ಪತ್ರಾ. ಕಿಟಕಿಗಳನ್ನೆಲ್ಲ ಮುಚ್ಚಿ, ಒಳಗೆ ಆಳೆತ್ತರದ ನೀರಿನ ಕೂಲರ್ ಹಚ್ಚಿಟ್ಟಿದ್ದ. ಬಾಗಿಲು ತೆಗೆದ ಕೂಡಲೇ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. ಟಗರು ನಾಲಗೆ ಹೊರಚಾಚಿ, ಪಕ್ಕೆ ಎತ್ತಿ ಎತ್ತಿ ಹಾಕುತ್ತಿತ್ತು. ಕಣ್ಣು ಕೆಂಪಗಾಗಿದ್ದವು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಬಿದ್ದೇ ಹೋಗುತ್ತಿತ್ತು.

"ಕುರಿ ತೇಕಿ ತೇಕಿ ಮೈ ತಂಪ ಮಾಡ್ಕೋತಾವ್ರಿ" ಅಂದೆ. "ಮುಚ್ಚಿದ ಕ್ವಾಣ್ಯಾಗ ಕೂಲರ್ ಹಚ್ಚಿದ್ರ ಗಾಳಿ ತುಂಬ ನೀರಿನ ಹಸಿ. ತೇಕಿದ್ರೂ ತಂಪ ಆಗೂದಿಲ್ಲ. ಅಂಗಳದಾಗ ಬೇವಿನ ಗಿಡ ಐತಿ, ಅದರ ಕೆಳಗ ಕಟ್ರಿ. ಕಾಲಿಗೆ, ಹೊಟ್ಟಿ ಕೆಳಗ ನೀರ ಹಾಕ್ರಿ."

ಸಾವಕಾರನ ಮುಖ ಸಣ್ಣದಾಯಿತು. "ಬೇವಿನ ಗಿಡದ ಕೆಳಗ್ರಿ?"

"ಯಾಕ, ಏನಾಗೇತಿ?"

"ಗಿಡದ ಕೆಳಗ ಯಾರ ಟಗರ ಬೇಕಾದ್ರೂ ನಿಲ್ಲತೈತ್ರಿ. ಹೋಗೋ ಬರೋ ಮಂದಿ ಏನಂದಾರು? ಸಾವಕಾರ ಗಿಡಕ್ಕ ಕಟ್ಯಾನ ಅಂತಾರ."

"ಸತ್ತ ಮ್ಯಾಲ ಗಿಡದ ಕೆಳಗನ ಹೂಳತೀರಿ. ಅದರಕಿಂತ ಈಗ ಕಟ್ಟೂದು ಚಲೋ" ಅಂದೆ. ನನಗೂ ಸಿಟ್ಟು ಬಂದಿತ್ತು.

ಕಡೆಗೆ ಆಳುಗಳಿಬ್ಬರು ಟಗರನ್ನು ಎತ್ತಿ ತಂದು ಬೇವಿನ ಕೆಳಗೆ ನಿಲ್ಲಿಸಿದರು. ನೀರು ಹಾಕಿದೆವು, ಉಪ್ಪು ಬೆಲ್ಲ ಕಲಸಿದ ನೀರು ಕುಡಿಸಿದೆವು. ಬಿಸಿಲು ಇಳಿಯುವ ಹೊತ್ತಿಗೆ ಅದು ತಲೆ ಎತ್ತಿ, ಮೊದಲ ಕೆಲಸವೆಂಬಂತೆ ಸಾವಕಾರನ ಧೋತರದ ಚುಂಗು ತಿನ್ನಲು ಹೋಯಿತು.

ಚಹಾ ಕುಡಿಯಲು ಒಳಗೆ ಕರೆದರು. ಪಡಸಾಲೆಯಲ್ಲಿ ಸಾವಕಾರನ ತಾಯಿ ಒದ್ದೆ ಬಟ್ಟೆಯನ್ನು ಎದೆಯ ಮೇಲೆ ಹಾಕಿಕೊಂಡು, ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. ತಲೆಯ ಮೇಲಿನ ಫ್ಯಾನು ಕೆಟ್ಟು ನಿಂತಿತ್ತು.

"ಆ ಕೂಲರ್ ಇನ್ನ ಟಗರಿಗೆ ಬ್ಯಾಡ. ಆಯಿ ಕಡೆ ಇಡ್ರಿ" ಅಂದೆ ನಾನು.

ಮಗನಿಗಿಂತ ಮೊದಲು ಮುದುಕಿಯೇ ಅಂದಳು: "ತಪ್ಪ ನಂದ ಐತಿ ಬಿಡವಾ. ಬ್ಯಾಸಗಿ ಬಂದಾಗೊಮ್ಮೆ ಸೆಕಿ ಸೆಕಿ ಅಂತಿದ್ದೆ. ಒಮ್ಮೆರ 'ಬ್ಯಾ' ಅಂದಿದ್ರ ನನಗೂ ತಂದಿಡ್ತಿದ್ದ."

ಡಾಕ್ಟರರ ಸಲಹೆ

ನಿಪ್ಪಾಣಿಯಲ್ಲಿದ್ದಾಗ ಒಬ್ಬ ಕುರಿಯವಳು ತನ್ನ ಕುರಿಯನ್ನು ಹೊತ್ತು ತಂದಳು. ಅದರ ಕಣ್ಣು ಅರಿಶಿಣದ ಹಾಗೆ ಹಳದಿ, ಉಚ್ಚೆ ಕಪ್ಪು ಚಹಾದ ಬಣ್ಣ. ಏನು ತಿನ್ನಿಸಿದ್ದೀ ಅಂದರೆ ಒಂದು ಪಾಕೀಟು ತೋರಿಸಿದಳು. ಮೇಲೆ ಕುರಿಯ ಚಿತ್ರ ಅಂಟಿಸಿತ್ತು. ಉಗುರಿನಿಂದ ಕೆರೆದೆ. ಕೆಳಗೆ ಎಮ್ಮೆ ಕಾಣಿಸಿತು.

ಎಮ್ಮೆ-ಆಕಳಿಗೆ ಮಾಡಿದ ಖನಿಜದ ಪುಡಿಯಲ್ಲಿ ತಾಮ್ರ ಹೆಚ್ಚಿರುತ್ತದೆ. ದೊಡ್ಡ ದನಕ್ಕೆ ಅದು ಒಗ್ಗುತ್ತದೆ. ಕುರಿಗೆ ಅದು ಯಕೃತ್ತಿನಲ್ಲಿ ದಿನದಿನವೂ ಕೂಡಿ ಕೂಡಿ, ಒಂದು ದಿನ ಒಮ್ಮೆಲೇ ವಿಷವಾಗಿ ಎರಗುತ್ತದೆ. ಆ ಕುರಿ ಉಳಿಯಲಿಲ್ಲ. ಉಳಿದ ಕುರಿಗಳಿಗೆ ಪುಡಿ ನಿಲ್ಲಿಸಿ ಔಷಧ ಕೊಟ್ಟೆ, ಅವು ಬದುಕಿದವು.

ನೆಟ್ಟಗೆ ಅಂಗಡಿಗೆ ಹೋದೆ. ಮಾಲಕ ಕುರ್ಚಿ ಒರೆಸಿ ಕೂರಿಸಿದ. ನಾನು ಕೂರಲಿಲ್ಲ. ಇದನ್ನು ಕುರಿಯವರಿಗೆ ಮಾರಬೇಡ, ಮಾರಿದರೆ ಮೇಲಿನ ಕಚೇರಿಗೆ ಬರೆದು ಹಾಕುತ್ತೇನೆ ಅಂತ ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳುವಂತೆ ಹೇಳಿ ಬಂದೆ. ಅವನು "ಹೋಯ್ ಹೋಯ್, ಬರೋಬರ್ ಐತ್ರಿ" ಅಂತ ಕೈ ಮುಗಿದ.

ಒಂದು ವಾರ ಬಿಟ್ಟು ಅದೇ ದಾರಿಯಲ್ಲಿ ಬಂದರೆ ಅಂಗಡಿಯ ಮುಂದೆ ಹೊಸ ಬೋರ್ಡು. ಅದೇ ಪಾಕೀಟಿನ ದೊಡ್ಡ ಚಿತ್ರ. ಅದರ ಪಕ್ಕದಲ್ಲಿ, ಬಿಳಿ ಕೋಟಿನಲ್ಲಿ, ಕೈ ಎತ್ತಿ ಏನೋ ಹೇಳುತ್ತಿರುವ ನಾನು. ಅವತ್ತು ನಾನು ಬೈಯುವಾಗ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಕೆಳಗೆ ದಪ್ಪಕ್ಷರದಲ್ಲಿ 'ಡಾಕ್ಟರರ ಸಲಹೆಯೊಂದಿಗೆ.'

ನನ್ನ ಮೈ ಉರಿಯಿತು. "ನಾ ಯಾವಾಗ ಸಲಹಾ ಕೊಟ್ಟೇನಿ?"

"ಹೋದ ವಾರ ಬಂದ ಕೊಟ್ರೆಲ್ರಿ" ಅಂದ ಅವನು, ಚೂರೂ ಅಳುಕದೆ. "ಮಾರಬ್ಯಾಡ ಅಂತ ಕೊಟ್ರಿ. ಯಾವ ಸಲಹಾ ಅಂತ ನಾ ಎಲ್ಲಿ ಬರದೇನ್ರಿ?"

ಮೂರು ಕಂಬಳಿ

ಅಥಣಿಯಲ್ಲಿ ಒಮ್ಮೆ ಕುರಿ ಸಾಕುವವರಿಗೆ ತರಬೇತಿ. ವಿಷಯ: ಬೇಸಿಗೆಯಲ್ಲಿ ಕುರಿಗಳನ್ನು ಬಿಸಿಲಿನ ತಾಪದಿಂದ ಕಾಪಾಡುವುದು. ಇಂಥ ವಿಷಯವನ್ನು ಫೆಬ್ರುವರಿಯಲ್ಲಿ ಇಟ್ಟುಕೊಂಡರೆ ಜನಕ್ಕೆ ಉಪಯೋಗವಾದೀತು ಅಂತ ನಮ್ಮವರು ಬೇಕಂತಲೇ ಮೇ ತಿಂಗಳಲ್ಲಿ ಇಟ್ಟುಕೊಂಡಿದ್ದರು. ಬಯಲಿನಲ್ಲಿ ಶಾಮಿಯಾನಾ. ಕುರಿಯವರು ಬಂದದ್ದು ಉಪದೇಶಕ್ಕಲ್ಲ, ಕಡೆಗೆ ಉಚಿತ ಔಷಧ ಕೊಡುತ್ತಾರೆಂದು.

ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಭಾಷಣಕ್ಕೆ ಬಂದರು. ದಪ್ಪ ಆಳು, ಮೈಮೇಲೆ ಕೋಟು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಕುರಿಯವರ ಸಭೆ ಅಂದರೆ ಅತಿಥಿಗೆ ಕಂಬಳಿ ಹೊದಿಸಬೇಕು. ಒಂದೂರಿನ ಮುಖಂಡ ಎದ್ದು ಕರಿ ಕಂಬಳಿ ಹೊದಿಸಿದ. ಅದನ್ನು ನೋಡಿ ಇನ್ನೊಂದೂರಿನವನು ತಾನೂ ತಂದದ್ದನ್ನು ಅದರ ಮೇಲೆ ಹೊದಿಸಿದ. ಮೂರನೆಯವನು ಸುಮ್ಮನಿರುತ್ತಾನೆಯೇ. ಅವನದು ಎಲ್ಲಕ್ಕಿಂತ ದಪ್ಪ.

ಸಾಹೇಬರು ಭಾಷಣಕ್ಕೆ ಎದ್ದಾಗ ತಲೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಉಣ್ಣೆ. ಮೊದಲ ಮಾತಿಗೇ ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. ನಾನು ಪಕ್ಕದಲ್ಲೇ ಇದ್ದೆ. "ಸರ್, ಕಂಬಳಿ ತೆಗೆದಿಡಲೇ?" ಅಂತ ಪಿಸುಗುಟ್ಟಿದೆ.

"ಬೇಡಮ್ಮ" ಅಂದರು ಅವರೂ ಪಿಸುದನಿಯಲ್ಲಿ. "ಯಾರದ್ದನ್ನು ಮೊದಲು ತೆಗೆದರೂ ಅವರಿಗೆ ಅವಮಾನ. ಮೂವರೂ ನನ್ನನ್ನೇ ನೋಡುತ್ತಿದ್ದಾರೆ."

ನಿಜ. ಮೂವರೂ ಮುಂದಿನ ಸಾಲಿನಲ್ಲಿ ಕೂತು, ಯಾರ ಕಂಬಳಿ ಮೊದಲು ಇಳಿಯುತ್ತದೆ ಅಂತ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಸಾಹೇಬರು ಧೈರ್ಯ ಮಾಡಿ ಮುಂದುವರಿಸಿದರು. "ತಾಪ ಹೆಚ್ಚಾದ ಕುರಿಯನ್ನು ಗುರುತಿಸುವುದು ಸುಲಭ. ಅದು ಬಾಯಿ ತೆರೆದು ಉಸಿರಾಡುತ್ತದೆ" ಅಂದು, ಬಾಯಿ ತೆರೆದು ಉಸಿರು ತೆಗೆದುಕೊಂಡರು. "ತೂರಾಡುತ್ತದೆ" ಅಂದು ಮೈಕಿನ ಕಂಬ ಹಿಡಿದುಕೊಂಡರು. "ಆದ್ದರಿಂದ ಬೇಸಿಗೆ ಬರುವ ಮುನ್ನ ಮೈಮೇಲಿನ ಉಣ್ಣೆಯನ್ನು ತಪ್ಪದೆ ಕತ್ತರಿಸಬೇಕು. ಇಲ್ಲದಿದ್ದರೆ..." ಅಷ್ಟಕ್ಕೆ ದನಿ ನಿಂತು, ಕುರ್ಚಿಗೆ ಕುಸಿದರು.

ನಾವು ನೀರು, ಗಾಳಿ ಅಂತ ಓಡಾಡಿದೆವು. ಮೂವರು ಮುಖಂಡರೂ ವೇದಿಕೆಗೆ ಬಂದರು, ಒಬ್ಬೊಬ್ಬನೂ ಇನ್ನೊಬ್ಬನ ಕಂಬಳಿಯನ್ನು ಮೊದಲು ತೆಗೆಯಲು ಎಳೆಯತೊಡಗಿದ. ಮೂರು ಕಡೆಯ ಎಳೆದಾಟದಲ್ಲಿ ಸಾಹೇಬರು ಇನ್ನಷ್ಟು ಸುತ್ತಿಕೊಂಡರು. ಹಿಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತಳು.

"ಏ ತಮ್ಮಾಗೋಳ್ರ್ಯಾ, ಎಳದಾಡಬ್ಯಾಡ್ರಿ, ಸಾಯತಾನ" ಅಂದಳು. "ಅಂವಾ ಈಗ ಹೇಳಿದ್ದ ಮಾಡ್ರಿ. ಯಾರರ ಕತ್ತರಿ ತಂದ ಮದ್ಲ ಸಾಹೇಬನ್ನ ಬೋಳಸ್ರಿ."

ಬಿ.ಪಿ. ಇದ್ದವರ ಕುರಿಗಳು

ಕಬ್ಬೂರಿನ ಕಡೆ ಒಬ್ಬರು ಹಿರಿಯರು ಕುರಿ ಫಾರ್ಮ್ ಮಾಡಿದ್ದರು. ಅವರಿಗೆ ಬಿ.ಪಿ. ಚಿಕ್ಕೋಡಿಯ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದರು. ಕಡಿಮೆ ಮಾಡುವುದು ಅವರ ಸ್ವಭಾವದಲ್ಲೇ ಇರಲಿಲ್ಲ, ಪೂರಾ ಬಿಟ್ಟರು. ತಾವು ಬಿಟ್ಟ ಮೇಲೆ ಮನೆಯವರೂ ಬಿಡಬೇಕು ಅಂದರು. ಮನೆಯವರು ಬಿಟ್ಟ ಮೇಲೆ ಕುರಿಗಳ ಗೋದಲಿಯಲ್ಲಿದ್ದ ಉಪ್ಪಿನ ಹರಳನ್ನೂ ತೆಗೆಸಿದರು.

"ಕುರಿಗೆ ಉಪ್ಪ ಬೇಕ ಬೇಕ್ರಿ ಕಾಕಾ, ಅದರಾಗೂ ಈ ಬಿಸಲಾಗ" ಅಂತ ನಾನು ಹೋದಾಗಲೆಲ್ಲ ಹೇಳುತ್ತಿದ್ದೆ.

"ಉಪ್ಪಂದ್ರ ಬಿಳಿ ವಿಷ, ಅಕ್ಕಾರ. ನೀವ ದನದ ಡಾಕ್ಟರು, ನಿಮಗ ಗೊತ್ತಿಲ್ಲ. ನನಗ ಮನಷಾರ ಡಾಕ್ಟರ ಹೇಳ್ಯಾರ."

"ಕುರಿಗೆ ಬಿ.ಪಿ. ಇಲ್ಲಲ್ರಿ."

"ಈಗ ಇಲ್ಲ. ಉಪ್ಪ ತಿಂದ್ರ ಬರತೈತಿ."

ಇಂಥವರ ಜೊತೆ ವಾದಿಸುವುದಕ್ಕಿಂತ ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆಯುವುದು ಸುಖ. ಕುರಿಗಳು ಗೋಡೆ ನೆಕ್ಕಿದವು, ನೆಲ ನೆಕ್ಕಿದವು, ಒಂದರ ಉಚ್ಚೆಯನ್ನು ಇನ್ನೊಂದು ನೆಕ್ಕಿತು. ನೀರು ಕುಡಿಯುವುದು ಕಡಿಮೆಯಾಗಿ ಸೊರಗಿದವು. ಅವರ ಮಗ, ಮೂವತ್ತರ ಹತ್ತಿರದ ಸಭ್ಯ ಹುಡುಗ, ಅಪ್ಪನ ಎದುರು ಮಾತಾಡದೆ ನನ್ನ ಮುಖ ನೋಡುತ್ತಿದ್ದ. ಅವನಿಗೆ ಎಷ್ಟೋ ಕಡೆ ಕನ್ಯೆ ನೋಡಿದ್ದರು. ಕುರಿ ಕಾಯುವವನಿಗೆ ಕೊಡುವುದಿಲ್ಲ ಅಂತ ಎಲ್ಲರೂ ಹಿಂದೆ ಸರಿದಿದ್ದರು. ಕಡೆಗೆ ಕಾಗವಾಡದ ಕಡೆಯವರು ಮನೆ ನೋಡಲು ಬರುತ್ತೇವೆ ಅಂದರು. ನನಗೂ ಕರೆ ಬಂತು. 'ಇವರು ನಮ್ಮ ಫಾರ್ಮಿನ ಡಾಕ್ಟರು' ಅಂತ ತೋರಿಸಲು ಒಂದು ಶೋಭೆ ಬೇಕಿತ್ತು, ಅಷ್ಟೇ. ಹುಡುಗನ ಮುಖ ನೋಡಿ ಹೋದೆ.

ಕನ್ಯೆಯ ತಂದೆ, ಅವರ ಅಕ್ಕ, ಇನ್ನಿಬ್ಬರು ನೆಂಟರು ಬಂದರು. ಕರೆಂಟು ಇರಲಿಲ್ಲ. ಒಳಗೆ ಕೂರಲಾಗದೆ ಅಂಗಳದ ಹುಣಸೆ ಮರದ ಕೆಳಗೆ ಹೊರಸು ಹಾಕಿದರು. ಕನ್ಯೆಯ ತಂದೆ ಟೊಪ್ಪಿಗೆ ತೆಗೆದಿಟ್ಟರು. ತಲೆ ನುಣ್ಣಗೆ ಬೋಳು, ತುಂಬ ಬೆವರು. ಹಿರಿಯರು ಫಾರ್ಮಿನ ವರ್ಣನೆ ಶುರು ಮಾಡಿದರು. "ನಮ್ಮ ಕುರಿಗೋಳ ಭಾಳ ಶಿಸ್ತ ಅದಾವ್ರಿ. ಮನಷಾರಿಗಿಂತ ಚಲೋ."

ಉಪ್ಪಿಟ್ಟು ಬಂತು. ಒಂದು ತುತ್ತು ಬಾಯಿಗಿಟ್ಟ ಮೇಲೆ ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರಿನಲ್ಲಷ್ಟೇ ಉಪ್ಪಿತ್ತು. ಕನ್ಯೆಯ ಸೋದರತ್ತೆ, ಗಟ್ಟಿ ಹೆಂಗಸು, ತಾಟಿನ ಅಂಚಿನಲ್ಲಿ ಹುಡುಕಿದಳು, ಕೇಳಲು ಬಾಯಿ ತೆರೆದಳು, ಹೊಸ ಬೀಗರ ಮನೆ ಅಂತ ಮುಚ್ಚಿದಳು.

ಅಷ್ಟರಲ್ಲಿ ಬಿಸಿಲು ಹೆಚ್ಚಾಯಿತೆಂದು ಆಳು ಕುರಿಗಳನ್ನು ಹೊಡೆದುಕೊಂಡು ಬಂದ. ಅವು ದಡ್ಡಿಯ ಕಡೆ ಹೋಗಬೇಕಾಗಿತ್ತು. ಗಾಳಿ ನಮ್ಮ ಕಡೆಯಿಂದ ಬೀಸುತ್ತಿತ್ತು. ಮುಂದಿನ ಕುರಿ ಮೂಗು ಎತ್ತಿ, ನಿಂತು, ತಿರುಗಿತು. ಹಿಂಡೆಲ್ಲ ತಿರುಗಿತು.

ಮೊದಲು ಬಂದ ದೊಡ್ಡ ಟಗರು ಹೊರಸಿನ ಹಿಂದಿನಿಂದ ಕನ್ಯೆಯ ತಂದೆಯ ಬೋಳುತಲೆಯನ್ನು ನೆಕ್ಕಿತು. ಅವರು ಕಣ್ಣು ಮುಚ್ಚಿ ಕೂತಿದ್ದರು. ಬೀಗರು ಒದ್ದೆ ಬಟ್ಟೆಯಿಂದ ಉಪಚಾರ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ, "ಇರ್ಲಿ ಬಿಡ್ರಿ, ಯಾಕ ತ್ರಾಸ" ಅಂದರು. ಟಗರು ಮತ್ತೆ ನೆಕ್ಕಿತು. "ಸಾಕ್ರಿ, ತಂಪ ಆತು" ಅಂದರು. ಮೂರನೆಯ ಸಲಕ್ಕೆ ಕಿವಿಯನ್ನೂ ಸೇರಿಸಿ ನೆಕ್ಕಿತು. ಆಗ ಕಣ್ಣು ತೆರೆದು ಹಿಂದೆ ನೋಡಿದರು.

ಆಮೇಲೆ ಆದದ್ದನ್ನು ಕ್ರಮವಾಗಿ ಹೇಳುವುದು ಕಷ್ಟ. ಒಬ್ಬ ನೆಂಟನ ಬೆವರಿದ ಅಂಗಿಯ ಬೆನ್ನನ್ನು ಎರಡು ಕುರಿಗಳು ಹಂಚಿಕೊಂಡವು. ಇನ್ನೊಬ್ಬ ಹುಣಸೆ ಮರ ಹತ್ತಲು ಹೋಗಿ, ಅರ್ಧಕ್ಕೆ ಜೋತುಬಿದ್ದ, ಅವನ ಅಂಗಾಲನ್ನು ಕೆಳಗಿನಿಂದ ನೆಕ್ಕುತ್ತಿದ್ದವು. ಅವನಿಗೆ ಕಚಗುಳಿಯಾಗಿ ಅಳುವುದೋ ನಗುವುದೋ ತಿಳಿಯಲಿಲ್ಲ. ಕನ್ಯೆಯ ತಂದೆ "ಹೇ ಕಾಯ ಝಾಲಂ, ಬಾಪರೇ" ಅಂತ ಮರಾಠಿಗೆ ಇಳಿದು ಹೊರಸಿನ ಮೇಲೆ ನಿಂತುಬಿಟ್ಟರು. ಹಿರಿಯರು ಮಾತ್ರ ಕೈ ಎತ್ತಿ ಸಮಾಧಾನ ಹೇಳುತ್ತಿದ್ದರು: "ಹೆದರಬ್ಯಾಡ್ರಿ, ಪ್ರೀತಿ ಮಾಡಾಕತ್ತಾವ, ಹೊಸಾ ಮಂದಿ ಕಂಡ್ರ ಅವಕ್ಕ ಭಾಳ ಪ್ರೀತಿ."

"ಪ್ರೀತಿ ಅಲ್ರಿ" ಅಂದೆ ನಾನು. ಇಷ್ಟು ದಿನ ತಡೆದದ್ದು ತಡೆಯಲಾಗಲಿಲ್ಲ. "ಬೆವರಿನಾಗ ಉಪ್ಪ ಇರತೈತಿ. ಈ ಮನ್ಯಾಗ ಅವಕ್ಕ ಉಪ್ಪ ಕಂಡದ್ದ ಇವತ್ತ."

ಹುಡುಗ ಅಪ್ಪನ ಕಡೆ ನೋಡಲೂ ಇಲ್ಲ. ಬೈಕು ಹತ್ತಿ ಹೋದವನು ಒಂದು ಚೀಲ ಕಲ್ಲುಪ್ಪು ತಂದು ಗೋದಲಿಗೆ ಸುರಿದ. ಹಿಂಡು ಅಲ್ಲಿಗೆ ಓಡಿತು. ಆವತ್ತಿನಿಂದ ಆ ಕುರಿಗಳಿಗೆ ಉಪ್ಪು ತಪ್ಪಲಿಲ್ಲ, ಬೇಸಿಗೆ ಮುಗಿಯುವಷ್ಟರಲ್ಲಿ ಮೈ ತುಂಬಿಕೊಂಡವು. ಆ ಸಂಬಂಧ ಮಾತ್ರ ಕೂಡಲಿಲ್ಲ. ಹುಡುಗನಿಗೆ ಮುಂದೆ ಬೇರೆ ಕಡೆ ಮದುವೆಯಾಯಿತು. ಹ್ಯಾಗೋ ಏನೋ, ಅಡುಗೆಮನೆಯ ಕೀಲಿಯನ್ನು ಸೊಸೆ ಬಂದ ದಿನವೇ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳಂತೆ.

ಆದರೆ ಅವತ್ತು ಕಾಗವಾಡದವರು ಜೀಪು ಹತ್ತುವಾಗ ನಡೆದದ್ದನ್ನು ಹೇಳದೆ ಬಿಡಬಾರದು. ಹಿರಿಯರು ಬಾಗಿಲವರೆಗೂ ಹೋದರು. ಮುಖ ಬಾಡಿತ್ತು. ಊರು ತುಂಬ ನಗೆಪಾಟಲಾಗುವ ಭಯ. ಕೈ ಮುಗಿದು ಸೋದರತ್ತೆಗೆ ಅಂದರು: "ಕನ್ಯಾ ಕೊಡೂದು ಬಿಡೂದು ನಿಮ್ಮ ಮರ್ಜಿರಿ. ಖರೆ, ಇಲ್ಲಿ ಆದದ್ದು ಹೊರಗ ಹೇಳಬ್ಯಾಡ್ರಿ. ಉಪ್ಪ ಉಂಡ ಮನಿಗೆ ಎರಡ ಬಗೀಬಾರ್ದು ಅಂತ ಹಿರ್ಯಾರ ಹೇಳ್ಯಾರ."

ಸೋದರತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಜೀಪಿನ ಬಾಗಿಲು ಎಳೆದುಕೊಂಡಳು.

"ಅದರ ಚಿಂತಿ ನಮಗಿಲ್ರಿ" ಅಂದಳು. "ನಿಮ್ಮ ಮನ್ಯಾಗ ನಾವು ಉಪ್ಪ ಉಂಡೇ ಇಲ್ಲ."